ಧ್ವನಿ ಮತ್ತು ಮಾತಿನ ತೊಂದರೆಗಳು: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಅಳತೆ ಮತ್ತು ಚಿಕಿತ್ಸೆ

ಶ್ವಾಸಕೋಶದಿಂದ ಹೊರಟ ಉಸಿರು ಗಂಟಲಿನ ಧ್ವನಿತಂತುಗಳು ಕಂಪಿಸುವಂತೆ ಮಾಡಿ ಸ್ವರವಾಗುತ್ತದೆ. ಆ ಸ್ವರ ನಾಲಿಗೆ, ತುಟಿ, ಅಂಗುಳ, ಮೂಗುಗಳಲ್ಲಿ ರೂಪ ಪಡೆದು ಮಾತಾಗುತ್ತದೆ. ಮೊದಲನೆಯದು ಕೆಟ್ಟರೆ ಧ್ವನಿಯ ತೊಂದರೆ. ಎರಡನೆಯದು ಕೆಟ್ಟರೆ ಉಚ್ಚಾರದ ಅಥವಾ ಮಾತಿನ ಓಟದ ತೊಂದರೆ. ಪದ ಹುಡುಕಿ ವಾಕ್ಯ ಕಟ್ಟುವ ಮಿದುಳಿನ ಶಕ್ತಿಯೇ ಕುಂದಿದರೆ ಅದು ಭಾಷೆಯ ತೊಂದರೆ. ಜನ ಇವನ್ನು ಮೊದಲಿನಿಂದಲೂ ಬೇರೆ ಬೇರೆಯಾಗಿಯೇ ಗುರುತಿಸಿದ್ದಾರೆ: ಗಂಟಲು ಕಟ್ಟಿದೆ, ಸ್ವರ ಬಿದ್ದಿದೆ, ಉಗ್ಗುತ್ತಾನೆ, ತೊದಲುತ್ತಾಳೆ, ಮೂಗಿನಲ್ಲಿ ಮಾತಾಡುತ್ತಾನೆ, ಲಕ್ವ ಹೊಡೆದು ಮಾತು ಹೋಯಿತು. ಸುಶ್ರುತಸಂಹಿತೆಯು ವಾತವ್ಯಾಧಿಗಳನ್ನು ವಿವರಿಸುವಲ್ಲಿ ಮೂಕ, ಮಿನ್ಮಿನ, ಗದ್ಗದ ಎಂಬ ಮೂರು ಬಗೆಗಳನ್ನು ಹೇಳಿದೆ. ಗುರುತಿಸುವ ಕೆಲಸ ಹೀಗೆ ಹಳೆಯದು, ಎಷ್ಟರಮಟ್ಟಿಗೆ ಕೆಟ್ಟಿದೆ ಎಂದು ಅಳೆಯುವ ಕೆಲಸ ಹೊಸದು. 1854ರಲ್ಲಿ ಸಂಗೀತ ಶಿಕ್ಷಕ ಮ್ಯಾನುಯೆಲ್ ಗಾರ್ಸಿಯಾ ಬಿಸಿಲು ಮತ್ತು ಎರಡು ಕನ್ನಡಿಗಳ ನೆರವಿನಿಂದ ತನ್ನದೇ ಧ್ವನಿತಂತುಗಳನ್ನು ಕಂಡನು. 1878ರಲ್ಲಿ ಓರ್ಟೆಲ್, ಬೆಳಕನ್ನು ಮಿನುಗಿಸಿ ಅವುಗಳ ಕಂಪನವನ್ನು ನಿಧಾನವಾಗಿ ಕಾಣುವಂತೆ ಮಾಡಿದನು. ಇಂದಿನ ಗಂಟಲು ಪರೀಕ್ಷೆಗಳು ಈ ಎರಡು ಯುಕ್ತಿಗಳಿಂದ ಬೆಳೆದವು.

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಈ ವಿಷಯದ ಅಧ್ಯಯನಕ್ಕೆ ಹಲವು ಕಾರಣಗಳಿಂದ ಮುಖ್ಯ. ಇಲ್ಲಿ ಊರೆಂದರೆ ಒತ್ತಾಗಿ ಕೂಡಿದ ಮನೆಗಳಲ್ಲ. ತೋಟದ ಅಂಚಿಗೊಂದು, ಗುಡ್ಡದಾಚೆಗೊಂದು ಮನೆ. ಮಳೆಗಾಲ ದೀರ್ಘ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಅಡಿಕೆ ಇಲ್ಲಿನ ಜೀವನೋಪಾಯವೂ ಹೌದು, ಬಾಯಿಯ ಅಭ್ಯಾಸವೂ ಹೌದು. ಹವಿಗನ್ನಡ, ದೀವರ ಕನ್ನಡ, ಗೌಡರ ಕನ್ನಡಗಳ ಜೊತೆಗೆ ಕೊಂಕಣಿ, ತುಳು, ಉರ್ದು ಮಾತಾಡುವ ಮನೆಗಳೂ ಇವೆ. ಯಕ್ಷಗಾನ ಮತ್ತು ನಾಟಕಗಳಿಂದಾಗಿ ಗಂಟಲನ್ನು ದುಡಿಸುವವರೂ ಇಲ್ಲಿ ಬಹಳ. ಇವುಗಳಲ್ಲಿ ಒಂದೊಂದೂ ಅಳತೆಯ ಮೇಲೆ, ಚಿಕಿತ್ಸೆಯ ಮೇಲೆ ಪ್ರಭಾವ ಬೀರುತ್ತದೆ.

ಸಂಸ್ಥೆಗಳು

ಕರ್ನಾಟಕದಲ್ಲಿ ಈ ವಿದ್ಯೆಯ ಕೇಂದ್ರ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಆರಂಭವಾದ ಇದು ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯ ಸ್ವಾಯತ್ತ ಸಂಸ್ಥೆ. ಜನರ ಬಾಯಲ್ಲಿ ‘ಆಯಿಷ್’ ಅಥವಾ ‘ಸ್ಪೀಚ್ ಅಂಡ್ ಹಿಯರಿಂಗ್’. ಚಿಕಿತ್ಸಕರನ್ನು ತಯಾರು ಮಾಡುವುದು, ಕನ್ನಡದ ಪರೀಕ್ಷಾ ಸಾಮಗ್ರಿ ರೂಪಿಸುವುದು, ರೋಗಿಗಳನ್ನು ನೋಡುವುದು ಮೂರೂ ಒಂದೇ ಆವರಣದಲ್ಲಿ ನಡೆಯುತ್ತವೆ. ಮೈಸೂರು ಸಾಗರದಿಂದ ಮುನ್ನೂರು ಕಿಲೋಮೀಟರಿಗೂ ದೂರ. ಆದ್ದರಿಂದ ಸಂಸ್ಥೆಯು ಸಾಗರದ ಉಪವಿಭಾಗೀಯ ಆಸ್ಪತ್ರೆಯಲ್ಲಿ ಹೊರಸೇವಾ ಕೇಂದ್ರ ತೆರೆದದ್ದು ಈ ಸೀಮೆಯ ಮಟ್ಟಿಗೆ ದೊಡ್ಡ ಸಂಗತಿ. ಹುಲ್ಲಹಳ್ಳಿ, ಅಕ್ಕಿಹೆಬ್ಬಾಳು, ಗುಂಬಳ್ಳಿಗಳಲ್ಲೂ ಇಂಥ ಕೇಂದ್ರಗಳಿವೆ. ಅವು ಮೈಸೂರಿಗೆ ಹತ್ತಿರದವು, ಸಾಗರದ್ದು ಮಾತ್ರ ಮಲೆನಾಡಿನ ಒಡಲಲ್ಲಿರುವುದು. ತೀರ್ಥಹಳ್ಳಿಯವರು ಹೆಚ್ಚಾಗಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ, ಇಲ್ಲವೇ ಶಿವಮೊಗ್ಗಕ್ಕೆ. ಹೊಸನಗರದವರಿಗೆ ಎಲ್ಲವೂ ದೂರವೇ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳನ್ನು ತಪಾಸಿಸುತ್ತವೆ. ಸೀಳುತುಟಿ, ಕಿವುಡು, ಮಾತಿನ ತಡ ಇವೆಲ್ಲ ಅವರ ಪಟ್ಟಿಯಲ್ಲಿವೆ. ಆದರೆ ಮೊದಲು ಅನುಮಾನಿಸುವವರು ಸಾಮಾನ್ಯವಾಗಿ ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆ. ಈ ಇಡೀ ವ್ಯವಸ್ಥೆಯಲ್ಲಿ ಅವರ ಕಣ್ಣು, ಕಿವಿಗಳಷ್ಟು ಬೆಲೆಯುಳ್ಳ ಉಪಕರಣ ಬೇರೆ ಇಲ್ಲ.

ಕಿವಿಯಿಂದ ಆರಂಭ

ಮಾತು ಬಾರದ ಮಗುವಿಗೆ ಮಾಡಬೇಕಾದ ಮೊದಲ ಪರೀಕ್ಷೆ ಬಾಯಿಯದ್ದಲ್ಲ, ಕಿವಿಯದ್ದು. ಕೇಳದ ಮಗು ಮಾತು ಕಲಿಯಲಾರದು. ಒಳಗಿವಿ ತಾನೇ ಹೊರಡಿಸುವ ಸಣ್ಣ ಶಬ್ದವನ್ನು 1978ರಲ್ಲಿ ಡೇವಿಡ್ ಕೆಂಪ್ ಪತ್ತೆಹಚ್ಚಿದ ಮೇಲೆ, ನಿದ್ರಿಸುವ ಹಸುಗೂಸಿನ ಶ್ರವಣವನ್ನೂ ಕೆಲವೇ ನಿಮಿಷಗಳಲ್ಲಿ ತಪಾಸಿಸುವುದು ಸಾಧ್ಯವಾಯಿತು. ಮೈಸೂರಿನ ಸಂಸ್ಥೆಯ ಹೊರಸೇವಾ ಕೇಂದ್ರಗಳ ಮುಖ್ಯ ಕೆಲಸಗಳಲ್ಲಿ ನವಜಾತ ಶಿಶುಗಳ ಈ ತಪಾಸಣೆಯೂ ಒಂದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ವಾಡಿಕೆಯಿರುವ ಕುಟುಂಬಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ಆದ್ದರಿಂದ ವಂಶದ ವಿವರ ಕೇಳುವುದು ತಪಾಸಣೆಯ ಭಾಗ.

ಇಲ್ಲಿನ ಮನೆಗಳಲ್ಲಿ ಬಜೆ ತೇಯ್ದು ಮಗುವಿನ ನಾಲಿಗೆಗೆ ಸವರುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ, ನಾಲಿಗೆಯ ಕೆಳಗಿನ ಪೊರೆ ಕತ್ತರಿಸಿದರೆ ಮಾತು ಬರುತ್ತದೆಂದು ನಂಬುತ್ತಾರೆ. ಪೊರೆ ಬಿಗಿಯಾಗಿದ್ದರೆ ‘ರ’, ‘ಲ’, ‘ಳ’ಗಳ ಉಚ್ಚಾರಕ್ಕೆ ಅಡ್ಡಿಯಾದೀತು, ಮಾತೇ ಬಾರದಿರುವುದಕ್ಕೆ ಅದು ಕಾರಣವಲ್ಲ. ಹರಕೆಯಿಂದ ಹಾನಿಯಿಲ್ಲ. ಹಾನಿಯಾಗುವುದು ಕಾಯುವುದರಿಂದ. “ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು” ಎಂದು ಅಜ್ಜಿ ಹೇಳುವ ಸಮಾಧಾನದಲ್ಲಿ ಎರಡು ವರ್ಷ ಕಳೆದುಹೋಗುತ್ತವೆ, ಮಾತು ಕಲಿಯಲು ಮಿದುಳು ಅತಿ ಹೆಚ್ಚು ಸಿದ್ಧವಾಗಿರುವ ವರ್ಷಗಳೂ ಅವೇ. ವರ್ಷ ತುಂಬುವ ಹೊತ್ತಿಗೆ ಒಂದೆರಡು ಪದ, ಎರಡು ತುಂಬುವಾಗ ಎರಡು ಪದ ಜೋಡಿಸಿದ ಮಾತು, ಮೂರಕ್ಕೆ ಹೊರಗಿನವರಿಗೂ ಬಹುಪಾಲು ಅರ್ಥವಾಗುವ ಮಾತು ಇರಬೇಕು. ಇದಕ್ಕಿಂತ ಬಹಳ ಹಿಂದೆ ಬಿದ್ದ ಮಗುವನ್ನು ತೋರಿಸಲೇಬೇಕು.

ಕನ್ನಡದಲ್ಲಿ ಅಳೆಯುವುದು

ಮಾತನ್ನು ಅಳೆಯುವ ಪರೀಕ್ಷೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಹುಟ್ಟಿದವು. ಅವನ್ನು ಹಾಗೆಯೇ ತಂದರೆ ಕನ್ನಡ ಮಗುವಿಗೆ ಅನ್ಯಾಯವಾಗುತ್ತದೆ. ಪದದ ಕೊನೆಯ ವ್ಯಂಜನವನ್ನು ಮಗು ಬಿಡುತ್ತದೆಯೇ ಎಂಬುದು ಇಂಗ್ಲಿಷಿನಲ್ಲಿ ದೊಡ್ಡ ಸೂಚನೆ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುದರಿಂದ ಇಲ್ಲಿ ಆ ಪ್ರಶ್ನೆ ಹೆಚ್ಚು ಕೆಲಸಕ್ಕೆ ಬಾರದು. ಬದಲಿಗೆ ಇಲ್ಲಿ ನೋಡಬೇಕಾದ್ದು ಹ್ರಸ್ವ–ದೀರ್ಘ ಮತ್ತು ಒತ್ತಕ್ಷರ. ‘ಮರಿ’ ಮತ್ತು ‘ಮಾರಿ’, ‘ಬಳಿ’ ಮತ್ತು ‘ಬಳ್ಳಿ’ ಬೇರಾಗುವುದು ಕಾಲದ ಅಳತೆಯಿಂದ. ಲಕ್ವದಿಂದ ನಾಲಿಗೆ ನಿಧಾನವಾದವರಲ್ಲಿ ಈ ಅಂತರ ಕಲಸಿಹೋಗಬಹುದು. ‘ಟ’, ‘ಡ’, ‘ಣ’, ‘ಳ’ಗಳಿಗೆ ನಾಲಿಗೆಯ ತುದಿ ಹಿಂದಕ್ಕೆ ಮಡಚಬೇಕು. ಮಕ್ಕಳು ‘ಪ’, ‘ಮ’, ‘ನ’, ‘ಕ’ಗಳನ್ನು ಬೇಗ ಕಲಿತು ‘ರ’, ‘ಳ’ಗಳನ್ನು ತಡವಾಗಿ ಹಿಡಿಯುತ್ತವೆ.

1972ರಲ್ಲಿ ಮೈಸೂರಿನ ಸಂಸ್ಥೆಯಿಂದ ಬಾಬು, ರತ್ನ, ಬೆಟ್ಟಗೇರಿ ಅವರು ಕನ್ನಡ ಉಚ್ಚಾರ ಪರೀಕ್ಷೆಯನ್ನು ಹೊರತಂದರು. ಚಿತ್ರ ತೋರಿಸಿ ಹೆಸರು ಹೇಳಿಸುವ, ಪ್ರತಿ ಧ್ವನಿಯನ್ನೂ ಪದದ ಬೇರೆ ಬೇರೆ ಸ್ಥಾನದಲ್ಲಿ ಕೇಳುವ ಪರೀಕ್ಷೆ ಅದು. 2010ರಲ್ಲಿ ದೀಪಾ ಮತ್ತು ಎಸ್. ಆರ್. ಸಾವಿತ್ರಿ ಅದನ್ನು ಮರುಪ್ರಮಾಣೀಕರಿಸಿದರು. ಮಿದುಳಿಗೆ ಪೆಟ್ಟಾಗಿ ಭಾಷೆ ಕಳೆದುಕೊಂಡವರಿಗಾಗಿ ಪ್ರತಿಭಾ ಕಾರಂತ ಅವರ ಭಾಷಾ ಪರೀಕ್ಷೆ (1980), ಶ್ಯಾಮಲಾ ಚೆಂಗಪ್ಪ ಮತ್ತು ರವಿಕುಮಾರ್ ಕನ್ನಡಕ್ಕೆ ಹೊಂದಿಸಿದ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ (2008) ಬಳಕೆಯಲ್ಲಿವೆ.

ಇವೆಲ್ಲ ಬಹಳ ದೊಡ್ಡ ಕೆಲಸ. ಆದರೂ ಮೈಸೂರಿನ ಕನ್ನಡದಲ್ಲಿ ಸಿದ್ಧವಾದ ಪರೀಕ್ಷೆಯನ್ನು ಸಾಗರದ ಹಳ್ಳಿಯಲ್ಲಿ ಬಳಸುವಾಗ ಎಚ್ಚರ ಬೇಕು. ಹುಡುಗಿಯ ಚಿತ್ರ ನೋಡಿ ಹವ್ಯಕರ ಮನೆಯ ಮಗು ‘ಕೂಸು’ ಎಂದರೆ ಅದು ಸರಿಯಾದ ಉತ್ತರ, ಹುಡುಗ ‘ಮಾಣಿ’ಯಾದರೂ ಅಷ್ಟೇ. ಮಹಾಪ್ರಾಣಗಳು ಆಡುಮಾತಿನಲ್ಲಿ ಅಲ್ಪಪ್ರಾಣಗಳಾಗುವುದು ಕನ್ನಡ ನಾಡಿನ ಉದ್ದಗಲಕ್ಕೂ ಇರುವ ರೂಢಿ, ಅದು ದೋಷವಲ್ಲ. ಮನೆಯಲ್ಲಿ ಕೊಂಕಣಿಯನ್ನೋ ತುಳುವನ್ನೋ ಆಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತಿರುವ ಮಗು ತಡವರಿಸುವುದೂ ರೋಗವಲ್ಲ. ನಿಜವಾದ ತೊಂದರೆಯಿದ್ದರೆ ಅದು ಮನೆಮಾತಿನಲ್ಲೂ ಕಾಣಬೇಕು. ಆದ್ದರಿಂದ ತಾಯಿಯನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಮಗು ಅವರೊಡನೆ ಆಡುವ ಮಾತನ್ನು ಕೇಳದೆ ಕೊಟ್ಟ ವರದಿಯನ್ನು ಒಪ್ಪಬಾರದು.

ಉಗ್ಗಿನ ಅಳತೆಯಲ್ಲೂ ಇದೇ ಸೂಕ್ಷ್ಮ ಇದೆ. ನೂರು ಪದಕ್ಕೆ ಎಷ್ಟು ಕಡೆ ಮಾತು ತಡೆಯಿತು ಎಂದು ಎಣಿಸಿದರೆ ಕನ್ನಡದಲ್ಲಿ ಲೆಕ್ಕ ತಪ್ಪುತ್ತದೆ. ‘ಹೋಗಬೇಕಾಗಿರಲಿಲ್ಲವಂತೆ’ ಎಂಬುದು ಒಂದೇ ಪದ. ಅಕ್ಷರಗಳನ್ನು ಎಣಿಸುವುದು ಕನ್ನಡಕ್ಕೆ ಸಹಜ. ನೂರು ಅಕ್ಷರಕ್ಕೆ ಮೂರೋ ಅದಕ್ಕಿಂತ ಹೆಚ್ಚೋ ಕಡೆ ಉಗ್ಗಿದರೆ ಗಮನಿಸಬೇಕಾದ ಮಟ್ಟ ಎನ್ನುವುದು ಸಾಮಾನ್ಯ ಒಪ್ಪಿಗೆ. ಮಕ್ಕಳಲ್ಲಿ ಸುಮಾರು ಶೇ. 5ರಷ್ಟು ಮಂದಿ ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ, ದೊಡ್ಡವರಲ್ಲಿ ಸುಮಾರು ಶೇ. 1ರಷ್ಟು ಮಂದಿಗೆ ಅದು ಉಳಿಯುತ್ತದೆ. ಉಳಿಯುವವರಲ್ಲಿ ಗಂಡಸರೇ ಹೆಚ್ಚು. ಹೆದರಿಕೆಯಿಂದ ಉಗ್ಗು ಹುಟ್ಟುವುದಿಲ್ಲ, ಹೆಚ್ಚಾಗುತ್ತದೆ. ಅದರ ಬೇರು ನರವ್ಯವಸ್ಥೆಯಲ್ಲಿ, ಬಹಳ ಸಲ ವಂಶದಲ್ಲಿ ಇದೆ. “ನಿಧಾನ ಮಾತಾಡು” ಎಂದು ಎಲ್ಲರೆದುರು ಗದರುವುದು ಚಿಕಿತ್ಸೆಯಲ್ಲ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಲಿಡ್‌ಕೋಂಬ್ ಕ್ರಮದಲ್ಲಿ ಚಿಕ್ಕ ಮಕ್ಕಳಿಗೆ ತಂದೆತಾಯಿಯರೇ ಮನೆಯಲ್ಲಿ ಚಿಕಿತ್ಸೆ ನಡೆಸುತ್ತಾರೆ, ಚಿಕಿತ್ಸಕರು ದಾರಿ ತೋರುತ್ತಾರೆ. ದೂರದ ಹಳ್ಳಿಗಳಿಗೆ ಇಂಥ ಕ್ರಮ ಹೆಚ್ಚು ಹೊಂದುತ್ತದೆ. ದೊಡ್ಡವರಿಗೆ ಸ್ವರವನ್ನು ಎಳೆದು ಮೃದುವಾಗಿ ಮಾತು ಆರಂಭಿಸುವ ತರಬೇತಿ ಕೊಡಲಾಗುತ್ತದೆ.

ಸೀಳಂಗುಳದಿಂದ ಮೂಗಿಗೆ ಗಾಳಿ ಸೋರುವುದನ್ನು ತಿಳಿಯಲು ನೇಸೋಮೀಟರ್ ಎಂಬ ಉಪಕರಣವಿದೆ. ಅದಿಲ್ಲದ ಕಡೆ ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿಯುತ್ತಾರೆ. “ಅಪ್ಪ, ಕಪ್ಪು ಬಟ್ಟೆ ಕೊಡು” ಎಂಬಂಥ, ಅನುನಾಸಿಕವೇ ಇಲ್ಲದ ಮಾತು ಹೇಳಿಸಿದಾಗಲೂ ಕನ್ನಡಿ ಮಸುಕಾದರೆ ಅಂಗುಳ ಮುಚ್ಚುತ್ತಿಲ್ಲವೆಂದು ತಿಳಿಯಬೇಕು. “ನಮ್ಮ ಅಮ್ಮನ ಮನೆ” ಎನ್ನುವಾಗ ಮಸುಕಾಗುವುದು ಸಹಜ. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಹುಟ್ಟಿದ ಮೂರರಿಂದ ಆರು ತಿಂಗಳಲ್ಲಿ, ಅಂಗುಳದ್ದು ಒಂದು–ಒಂದೂವರೆ ವರ್ಷದೊಳಗೆ ಆಗಬೇಕು. ತಡವಾದರೆ ಮಗು ಗಂಟಲಿನಿಂದ ತಪ್ಪು ಧ್ವನಿಗಳನ್ನು ರೂಢಿಸಿಕೊಳ್ಳುತ್ತದೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ. ಹೊಲಿಗೆ ಹಾಕಿದ ಮಾತ್ರಕ್ಕೆ ಮಾತು ಸರಿಯಾಗುವುದಿಲ್ಲ, ಶಸ್ತ್ರಚಿಕಿತ್ಸೆಯ ನಂತರವೂ ತರಬೇತಿ ಬೇಕು.

ಧ್ವನಿ: ಮಾಸ್ತರು, ಭಾಗವತರು, ಮಳೆ

ಹೆಂಗಸಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 220 ಸಲ, ಗಂಡಸಿನವು ಸುಮಾರು 120–130 ಸಲ ಒಂದಕ್ಕೊಂದು ತಾಗುತ್ತವೆ. ಒಬ್ಬ ಶಿಕ್ಷಕಿ ಬಿಡದೆ ಒಂದು ಗಂಟೆ ಸ್ವರ ಹೊರಡಿಸಿದಳೆಂದು ಲೆಕ್ಕ ಹಾಕಿದರೆ ಅದು ಸುಮಾರು 8 ಲಕ್ಷ ತಾಕಲಾಟ. ಅಮೆರಿಕದ ಅಯೋವಾ, ಯೂಟಾ ರಾಜ್ಯಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶಿಕ್ಷಕರ ಪೈಕಿ ಶೇ. 57.7ರಷ್ಟು ಮಂದಿಗೆ, ಇತರರ ಪೈಕಿ ಶೇ. 28.8ರಷ್ಟು ಮಂದಿಗೆ ಜೀವನದಲ್ಲಿ ಎಂದಾದರೂ ಧ್ವನಿಯ ತೊಂದರೆ ಬಂದಿತ್ತು. ಅಲ್ಲಿನ ತರಗತಿಗಳಿಗೆ ಮಲೆನಾಡಿನ ಮಳೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಅಥವಾ ಶೀಟಿನ ಮಾಡಿನ ಮೇಲೆ ಮಳೆ ಬಡಿಯುವಾಗ, ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವ ಮಾಸ್ತರಿಗೆ ಕೂಗದೆ ಬೇರೆ ದಾರಿಯಿಲ್ಲ. ಸದ್ದಿನ ನಡುವೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆಂಬುದನ್ನು ಎಟಿಯನ್ ಲೊಂಬಾರ್ಡ್ 1911ರಲ್ಲಿ ತೋರಿಸಿದ್ದನು. ತಂತುಗಳ ಮೇಲೆ ಗಂಟು ಮೂಡುವುದು ಹೀಗೆ. ಇಂಥ ಶಾಲೆಗಳಿಗೆ ಸಣ್ಣ ಕಾಲರ್ ಮೈಕು, ಸ್ಪೀಕರ್ ಕೊಡುವುದು ಐಷಾರಾಮವಲ್ಲ, ಅದು ರೋಗ ತಡೆಯುವ ಕ್ರಮ.

ಯಕ್ಷಗಾನದ ಭಾಗವತರು ಎತ್ತರದ ಶ್ರುತಿಯಲ್ಲಿ, ಚಂಡೆಯ ಪಕ್ಕದಲ್ಲಿ, ರಾತ್ರಿಯ ತಂಪಿನಲ್ಲಿ ಹಾಡುತ್ತಾರೆ. ಕುಣಿದು ಏದುಸಿರಿನಲ್ಲೇ ಅರ್ಥ ಹೇಳುವ ವೇಷಧಾರಿಯ ಶ್ರಮ ಬೇರೆ ಬಗೆಯದು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ವೆಂಬ ಸಂಚಾರಿ ನಾಟಕ ತಂಡವನ್ನೂ ಆರಂಭಿಸಿತು. ಊರೂರು ಸುತ್ತುವ ನಟನಿಗೆ ಧ್ವನಿಯನ್ನು ಉಳಿಸಿಕೊಳ್ಳುವುದು ಕಲೆಯ ಪ್ರಶ್ನೆಯಷ್ಟೇ ಆರೋಗ್ಯದ ಪ್ರಶ್ನೆಯೂ ಹೌದು. ಕಲಾವಿದರು ಗಂಟಲು ಕಟ್ಟಿದಾಗ ಕಲ್ಲುಸಕ್ಕರೆ, ಕಾಳುಮೆಣಸು, ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳುತ್ತಾರೆ. ಜೊಲ್ಲು ಊರಿ ಹಿತವೆನಿಸುತ್ತದೆ, ತಪ್ಪಿಲ್ಲ. ಆದರೆ ಎರಡು ಮೂರು ವಾರವಾದರೂ ಧ್ವನಿ ಸರಿಹೋಗದಿದ್ದರೆ ಗಂಟಲನ್ನು ತೋರಿಸಬೇಕು, ಯಾಕೆಂದರೆ ಗಂಟೂ ಗಂಟಲಿನ ಕ್ಯಾನ್ಸರೂ ಆರಂಭದಲ್ಲಿ ಒಂದೇ ತರಹ ಕೇಳಿಸುತ್ತವೆ.

ಧ್ವನಿಯನ್ನು ಮೂರು ಕಡೆಯಿಂದ ಅಳೆಯುತ್ತಾರೆ. ಮೊದಲನೆಯದು ತರಬೇತಾದ ಕಿವಿ. ಜಪಾನಿನ ಹಿರಾನೋ 1981ರಲ್ಲಿ ಪ್ರಚಾರಕ್ಕೆ ತಂದ ಕ್ರಮದಲ್ಲಿ ಒಟ್ಟು ಕೆಡುಕು, ಒರಟುತನ, ಉಸಿರು ಸೋರಿಕೆ, ಬಲಹೀನತೆ, ಬಿಗಿತ ಈ ಐದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಎರಡನೆಯದು ಯಂತ್ರ. ಆಮ್‌ಸ್ಟರ್‌ಡ್ಯಾಮಿನ ಬೂರ್ಸ್ಮಾ ಮತ್ತು ವೀನಿಂಕ್ ಬರೆದು ಉಚಿತವಾಗಿ ಕೊಟ್ಟ ‘ಪ್ರಾಟ್’ ತಂತ್ರಾಂಶ ಯಾವ ಲ್ಯಾಪ್‌ಟಾಪಿನಲ್ಲೂ ಸ್ಥಾಯಿ, ಕಂಪನದ ಏರುಪೇರು (ಜಿಟ್ಟರ್), ದನಿಯ ಗಾತ್ರದ ಏರುಪೇರು (ಶಿಮ್ಮರ್), ಸ್ವರಕ್ಕೂ ಗೊರಗೊರ ಸದ್ದಿಗೂ ಇರುವ ಪ್ರಮಾಣ ಇವನ್ನು ಲೆಕ್ಕ ಹಾಕಿ ಕೊಡುತ್ತದೆ. ಮೂರನೆಯದು ರೋಗಿಯ ಅನುಭವ. ಮೂವತ್ತು ಪ್ರಶ್ನೆಗಳ ಧ್ವನಿ ತೊಡಕಿನ ಸೂಚಿ (1997) ಕನ್ನಡಕ್ಕೂ ಅಳವಟ್ಟಿದೆ. ಯಂತ್ರದ ಅಂಕಿ ಚೆನ್ನಾಗಿದ್ದೂ ಭಾಗವತರು ಪದ ಎತ್ತಲಾರದೆ ಹೋದರೆ ಅವರ ಮಾತನ್ನೇ ನಂಬಬೇಕು. ಮಳೆಗಾಲದಲ್ಲಿ ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ಕೋಣೆಯಲ್ಲಿ ಧ್ವನಿಮುದ್ರಿಸಿದರೆ ಮಳೆಯ ಸದ್ದೂ ಮೈಕಿನೊಳಗೆ ಬಂದು, ಗೊಗ್ಗರು ಧ್ವನಿಯೆಂದು ವರದಿಯಾಗುತ್ತದೆ.

ಉಪಕರಣವಿಲ್ಲದ ಕಡೆ ಕೈಗಡಿಯಾರ ಸಾಕು. ಉಸಿರು ತುಂಬಿಕೊಂಡು ‘ಆ’ ಎಂದು ಎಷ್ಟು ಹೊತ್ತು ಎಳೆಯಬಲ್ಲರೆಂದು ನೋಡುತ್ತಾರೆ. ಆರೋಗ್ಯವಂತ ವಯಸ್ಕರು ಸುಮಾರು 15ರಿಂದ 25 ಸೆಕೆಂಡು ಎಳೆಯುತ್ತಾರೆ, 10ಕ್ಕಿಂತ ಕಡಿಮೆಯಾದರೆ ಉಸಿರು ಅಥವಾ ತಂತುಗಳಲ್ಲಿ ತೊಡಕಿದೆ ಎಂದು ಅನುಮಾನಿಸಬೇಕು. ಇಂಗ್ಲಿಷ್ ಪುಸ್ತಕಗಳು ‘ಸ್’ ಮತ್ತು ಅದರ ಘೋಷ ಜೊತೆಗಾರ ‘ಝ್’ ಧ್ವನಿಗಳನ್ನು ಎಳೆಸಿ ಹೋಲಿಸಲು ಹೇಳುತ್ತವೆ. ಆ ಎರಡನೆಯ ಧ್ವನಿ ಕನ್ನಡದ ಹಳ್ಳಿಯ ಬಾಯಿಗೆ ಸಹಜವಲ್ಲ. ಹಿರಿಯರಿಗೆ ಆ ಪರೀಕ್ಷೆ ಮಾಡಿ ಬಂದ ಅಂಕಿಯಿಂದ ಏನನ್ನೂ ನಿರ್ಧರಿಸಬಾರದು.

ಧ್ವನಿಯ ಗಂಟುಗಳಿಗೆ ಮೊದಲ ಚಿಕಿತ್ಸೆ ಕತ್ತಿಯಲ್ಲ, ಅಭ್ಯಾಸ. ನೀರು ಕುಡಿಯುವುದು, ಕೂಗುವುದನ್ನು ಬಿಡುವುದು, ಪದೇ ಪದೇ ಗಂಟಲು ಕೆರೆಯದಿರುವುದು, ಸಣ್ಣ ಕೊಳವೆಯ ಮೂಲಕ ಸ್ವರ ಹೊರಡಿಸಿ ತಂತುಗಳ ತಾಕಲಾಟವನ್ನು ಹಗುರ ಮಾಡುವುದು. ಪಿಸುಗುಟ್ಟಿದರೆ ಗಂಟಲಿಗೆ ವಿಶ್ರಾಂತಿ ಎಂಬ ನಂಬಿಕೆ ಸರಿಯಲ್ಲ, ಮೆಲ್ಲಗೆ ಮಾತಾಡುವುದೇ ಮೇಲು. ಧ್ವನಿ ಒಡೆಯುವ ವಯಸ್ಸು ದಾಟಿದರೂ ಹೆಣ್ಣುದನಿ ಉಳಿದ ಹುಡುಗರ ತೊಂದರೆ ಈ ಕ್ಷೇತ್ರದಲ್ಲಿ ಅತಿ ಬೇಗ ವಾಸಿಯಾಗುವಂಥದ್ದು. ಕೆಮ್ಮಿಸಿ, ಗುನುಗಿಸಿ, ಗಂಟಲುಬುಗುಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಕೆಳಸ್ಥಾಯಿಯನ್ನು ಹುಡುಕಿಕೊಟ್ಟರೆ ಹಲವರಿಗೆ ಕೆಲವೇ ಭೇಟಿಗಳಲ್ಲಿ ಗಂಡುದನಿ ಬರುತ್ತದೆ. ಇದಕ್ಕೆ ಚಿಕಿತ್ಸೆಯಿದೆ ಎಂದು ತಿಳಿಯದೆ ಎಷ್ಟೋ ಹುಡುಗರು ಗೇಲಿಗೆ ಹೆದರಿ ಕಾಲೇಜು ಬಿಡುತ್ತಾರೆ. ಇದು ದುಃಖದ ಸಂಗತಿ.

ಅಡಿಕೆಯ ಸೀಮೆಯಲ್ಲಿ

ಅಡಿಕೆಯನ್ನು ನಂಬಿ ಬದುಕುವ ಸೀಮೆಯಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಹೇಳದಿರುವುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಅಡಿಕೆಯನ್ನು, ತಂಬಾಕಿಲ್ಲದೆಯೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕವಳ (ಎಲೆಯಡಿಕೆ) ಜಗಿಯುವವರಲ್ಲಿ ಅದಕ್ಕೂ ಮೊದಲು ಕಾಣುವುದು ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯಲಾಗದ ಸ್ಥಿತಿ. 1952ರಲ್ಲಿ ಶ್ವಾರ್ಟ್ಸ್ ಇದನ್ನು ಪೂರ್ವ ಆಫ್ರಿಕದಲ್ಲಿ ನೆಲೆಸಿದ ಭಾರತೀಯ ಹೆಂಗಸರಲ್ಲಿ ಮೊದಲು ವರ್ಣಿಸಿದನು. ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ವಯಸ್ಕರಲ್ಲಿ ಅದು ಸುಮಾರು 40ರಷ್ಟಿರಬೇಕು, 20ಕ್ಕಿಂತ ಕಡಿಮೆಯಾದರೆ ತೀವ್ರ. ಸ್ವಂತ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗುವುದಿಲ್ಲವಾದರೆ ವೈದ್ಯರನ್ನು ಕಾಣಬೇಕು. ತುಟಿ ದುಂಡಗಾಗದೆ, ನಾಲಿಗೆ ಮುಂದೆ ಚಾಚದೆ, ಮೆದು ಅಂಗುಳವೂ ಬಿಗಿದು ಮಾತು ಅಸ್ಪಷ್ಟವಾಗುತ್ತದೆ. ಜಗಿಯುವುದನ್ನು ನಿಲ್ಲಿಸುವುದೇ ಮೊದಲ ಔಷಧ. ದವಡೆಯ ವ್ಯಾಯಾಮ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಆಮೇಲಿನವು.

ಹೊಗೆಸೊಪ್ಪು, ಬೀಡಿ, ಮದ್ಯಗಳಿಂದ ಗಂಟಲಿನ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದವರಿಗೆ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಕವಾಟವಿಟ್ಟು ಮಾತು ಮರಳಿಸುತ್ತಾರೆ. ವಿದೇಶಿ ಕವಾಟಕ್ಕೆ ಸಾವಿರಾರು ರೂಪಾಯಿ. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ವಿಶಾಲ್ ರಾವ್ ಸುಮಾರು 50 ರೂಪಾಯಿ ವೆಚ್ಚದ ‘ಓಂ’ ಕವಾಟವನ್ನು ರೂಪಿಸಿದ ಸುದ್ದಿ 2015ರಲ್ಲಿ ಪ್ರಕಟವಾಯಿತು.

ಅಡಿಕೆಯ ಕೊನೆ ಕೊಯ್ಯುವಾಗ, ಮಳೆಗಾಲದಲ್ಲಿ ಮದ್ದು ಹೊಡೆಯುವಾಗ ಮರದಿಂದ ಬಿದ್ದು ತಲೆಗೆ ಪೆಟ್ಟಾಗುವುದು ಈ ತಾಲ್ಲೂಕುಗಳ ಹಳೆಯ ಸಂಕಟ. ಜೀವ ಉಳಿದರೂ ಮಾತು ಎಳೆದಂತಾಗುತ್ತದೆ, ಅಥವಾ ಪದ ನೆನಪಾಗುವುದಿಲ್ಲ. ನೆಲದಿಂದಲೇ ಕೊಯ್ಯುವ ಫೈಬರ್ ದೋಟಿ ಬಂದದ್ದು ಈ ದೃಷ್ಟಿಯಿಂದಲೂ ಒಳ್ಳೆಯದಾಯಿತು. ಲಕ್ವದಿಂದ ಮಾತು ಹೋದ ಅಜ್ಜ ಹೆಂಡತಿಯ ಹೆಸರು ಹೇಳಲಾರದೆ ಇದ್ದರೂ ಮಗ್ಗಿಯನ್ನೋ ಭಜನೆಯನ್ನೋ ಹೇಳಬಲ್ಲರು. ಬಾಯಿಪಾಠವಾದದ್ದು, ರಾಗ ಕೂಡಿದ್ದು ಮಿದುಳಿನಲ್ಲಿ ಬೇರೆ ದಾರಿಯಲ್ಲೂ ಉಳಿದಿರುತ್ತದೆ. ಚಿಕಿತ್ಸಕರು ಅಲ್ಲಿಂದಲೇ ಆರಂಭಿಸುತ್ತಾರೆ. ಮೊದಲ ಕೆಲವು ತಿಂಗಳು ಬಹಳ ಬೆಲೆಯುಳ್ಳವು.

ದೂರ ಮತ್ತು ಹಕ್ಕು

ಮಾತಿನ ಚಿಕಿತ್ಸೆ ಒಂದು ಗುಳಿಗೆಯಲ್ಲ, ವಾರಕ್ಕೆ ಒಂದೆರಡು ಸಲದಂತೆ ತಿಂಗಳುಗಟ್ಟಲೆ ನಡೆಯಬೇಕು. ಹೊಸನಗರದ ಒಳಹಳ್ಳಿಯ ತಾಯಿಗೆ ಒಂದು ಭೇಟಿಯೆಂದರೆ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಲಾಂಚ್‌ಗೆ ಕಾಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಸಾಗರದ ಆಸ್ಪತ್ರೆ ಅವರಿಗೆ ಹತ್ತಿರವಾಗಿದೆ. ಮೈಸೂರಿನ ಸಂಸ್ಥೆ ದೂರಸಂಪರ್ಕದ ಮೂಲಕವೂ ಚಿಕಿತ್ಸೆ ಕೊಡುತ್ತದೆ. ಭಾಷೆಯ ತರಬೇತಿ, ಉಗ್ಗಿನ ಮುಂದುವರಿಕೆ, ಪೋಷಕರಿಗೆ ಸಲಹೆ ಈ ದಾರಿಗೆ ಹೊಂದುತ್ತವೆ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಬೇಕಾದ ಮನೆಗಳಿಗೆ ಅದೂ ಇಲ್ಲ. ಅಂಥ ಕಡೆ ಮನೆಯಲ್ಲೇ ಧ್ವನಿಮುದ್ರಿಸಿ ಆಮೇಲೆ ಕಳುಹಿಸುವ ಕ್ರಮ ನೇರ ಕರೆಗಿಂತ ಮೇಲು.

2011ರ ಜನಗಣತಿ ದೇಶದಲ್ಲಿ ಸುಮಾರು 20 ಲಕ್ಷ ಮಂದಿಗೆ ಮಾತಿನ ಅಂಗವೈಕಲ್ಯವಿದೆಯೆಂದು ದಾಖಲಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ 21 ವರ್ಗಗಳಲ್ಲಿ ಮಾತು ಮತ್ತು ಭಾಷೆಯ ಅಂಗವೈಕಲ್ಯವನ್ನು ಸೇರಿಸಿದೆ. ಆದರೆ ಅದರ ವ್ಯಾಖ್ಯೆ ಧ್ವನಿಪೆಟ್ಟಿಗೆ ತೆಗೆದವರನ್ನೂ ಮಿದುಳಿನ ಹಾನಿಯಿಂದ ಮಾತು ಕಳೆದುಕೊಂಡವರನ್ನೂ ಕಣ್ಣ ಮುಂದಿಟ್ಟುಕೊಂಡದ್ದು, ಉಗ್ಗು ಅದರಲ್ಲಿ ಹೆಸರಾಗಿ ಬಂದಿಲ್ಲ. ಪ್ರಮಾಣಪತ್ರದ ಸವಲತ್ತುಗಳಿಗೆ ಶೇ. 40ರಷ್ಟು ಅಂಗವೈಕಲ್ಯ ಇರಬೇಕು, ಆ ಶೇಕಡಾವನ್ನು ಮಾತು ಎಷ್ಟರಮಟ್ಟಿಗೆ ಅರ್ಥವಾಗುತ್ತದೆ ಎಂಬುದನ್ನೂ ನೋಡಿ ನಿರ್ಧರಿಸುತ್ತಾರೆ. ಆ ಪರೀಕ್ಷೆಯನ್ನು ರೋಗಿಯ ಆಡುಮಾತು ತಿಳಿದವರ ಎದುರು ನಡೆಸಬೇಕೆಂದು ಮನೆಯವರು ಕೇಳಬಹುದು, ಮತ್ತು ಕೇಳಬೇಕು. ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಹೊಂದಿರುವುದು 1992ರ ಕಾಯ್ದೆಯಂತೆ ಕಡ್ಡಾಯ.